ಆಚೆ ದಡದ ಹೆಸರು

ಬೆಂಗಳೂರಿನ ದೊಡ್ಡ ಹೋಟೆಲುಗಳ ಮೆನುವಿನಲ್ಲಿ ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್ ಆದಮೇಲೆ ‘ಕಾಂಟಿನೆಂಟಲ್’ ಬರುತ್ತದೆ. ಅದರಡಿ ಪಾಸ್ತಾ, ಬೇಕ್ ಮಾಡಿದ ತರಕಾರಿ. ಇದು ಯಾವ ಖಂಡದ ಊಟ ಎಂದು ಯಾರೂ ಕೇಳುವುದಿಲ್ಲ, ಕೇಳಬೇಕು. ಇಂಗ್ಲಿಷರ ಬಾಯಲ್ಲಿ ‘ಕಾಂಟಿನೆಂಟ್’ ಎಂದರೆ ಕಡಲ್ಗಾಲುವೆಯಾಚೆಯ ಯುರೋಪ್. ಅವರಿಗೆ ಅದು ಸರಿ, ಅವರಿರುವುದು ದ್ವೀಪದಲ್ಲಿ. ಆದರೆ ಬೆಂಗಳೂರಿನಿಂದ ಹೊರಟವರು ಕಡಲು ದಾಟದೆಯೇ ಯುರೋಪ್ ತಲುಪಬಹುದು. ನಾವು ನಿಂತ ನೆಲವೇ ಲಿಸ್ಬನ್‌ವರೆಗೂ ಹಬ್ಬಿದೆ. ದ್ವೀಪದವರ ನೋಟವನ್ನು ನಾವು ಹೀಗೆ ಕಣ್ಣುಮುಚ್ಚಿ ಎರವಲು ಪಡೆದದ್ದು ನನಗೆ ಸರಿಕಾಣುವುದಿಲ್ಲ.

ಆ ನೋಟ ಇಂಗ್ಲಿಷಿಗಿಂತ ಬಹಳ ಹಳೆಯದು. ‘ಕಾಂಟಿನೆಂಟ್’ ಎಂಬ ಪದ ಮೊದಲು ನೆಲದ ಗಾತ್ರ ಹೇಳುತ್ತಿರಲಿಲ್ಲ, ನೋಡುವವರು ದ್ವೀಪದ ಕಡೆ ಇದ್ದಾರೆಂದು ಹೇಳುತ್ತಿತ್ತು ಎಂಬುದು ನನ್ನ ವಾದ. ಕ್ರಿ.ಪೂ. 55ರಲ್ಲಿ ಬ್ರಿಟನ್ನಿಗೆ ದಂಡೆತ್ತಿ ಹೋದ ಜೂಲಿಯಸ್ ಸೀಸರ್, ತನ್ನ ಯುದ್ಧವೃತ್ತಾಂತದಲ್ಲಿ ಕಡಲಾಚೆಯ ಗಾಲ್ ನಾಡಿಗೆ ಬಳಸುವುದು ಇದರ ಲ್ಯಾಟಿನ್ ಮೂಲಪದವನ್ನು. ಎಡೆಬಿಡದೆ ಸಾಗುವ ನೆಲ ಎಂಬ ಅರ್ಥದಲ್ಲಿ. ಗ್ರೀಕರ ಸಾಕ್ಷ್ಯ ಇನ್ನೂ ಗಟ್ಟಿ. ಅವರಲ್ಲಿ ‘ಎಪೈರೋಸ್’ ಎಂದರೆ ದ್ವೀಪವಲ್ಲದ ಮುಖ್ಯನೆಲ. ಕೋರ್ಫು ದ್ವೀಪದ ಎದುರಿನ ಕರಾವಳಿಗೆ ಅದೇ ಹೆಸರು ಅಂಟಿಕೊಂಡು ಇಂದಿಗೂ ಎಪಿರಸ್ ಆಗಿ ಉಳಿದಿದೆ. ನಕ್ಷೆ ತೆಗೆದು ನೋಡಿ: ಗ್ರೀಸ್ ಮತ್ತು ಆಲ್ಬೇನಿಯಾ ಹಂಚಿಕೊಂಡ ಗುಡ್ಡಗಾಡು, ಬೊಟ್ಟಿಟ್ಟರೆ ಮುಚ್ಚಿಹೋಗುವಷ್ಟು. ಅಷ್ಟು ಚಿಕ್ಕ ಸೀಮೆಗೆ ಅಷ್ಟು ದೊಡ್ಡ ಹೆಸರು ಬರಬೇಕಾದರೆ, ಹೆಸರಿಟ್ಟವರು ನೀರಿನ ಈಚೆ ನಿಂತು ಆಚೆ ನೋಡಿದವರೇ ಆಗಿರಬೇಕು.

ಅದೆಲ್ಲ ಹಳೆಯ ಕಥೆ, ಈಗ ಭೂವಿಜ್ಞಾನವೇ ಖಂಡಕ್ಕೆ ಲಕ್ಷಣ ಕೊಟ್ಟಿದೆಯಲ್ಲ ಎಂದು ಆಕ್ಷೇಪಿಸಬಹುದು. ಕೊಟ್ಟಿದೆ, ನಿಜ. ಖಂಡದಡಿಯ ಭೂತೊಗಟೆ ಸರಾಸರಿ 35ರಿಂದ 40 ಕಿ.ಮೀ. ದಪ್ಪ, ಸಾಗರತಳದ್ದು 7 ಕಿ.ಮೀ. ಆಸುಪಾಸು. ಆದರೆ ಆ ಅಳತೆಗೋಲು ಹಿಡಿದರೆ ಯುರೋಪ್, ಏಷ್ಯಾ ಬೇರೆಬೇರೆ ಆಗುವುದಿಲ್ಲ; ಉರಲ್ ಬೆಟ್ಟಸಾಲನ್ನು ಗಡಿಯೆಂದು ಎಳೆದವರು 18ನೇ ಶತಮಾನದ ಭೂಗೋಳಕಾರರು. ಅತ್ತ ಶೇ. 94ರಷ್ಟು ನೀರಿನಡಿ ಇರುವ ಝೀಲ್ಯಾಂಡಿಯಾ ಎಂಬ ಭೂಭಾಗವನ್ನೂ ಖಂಡವೆನ್ನಬೇಕೆಂದು 2017ರಲ್ಲಿ ಭೂವಿಜ್ಞಾನಿಗಳು ಪ್ರಬಂಧವನ್ನೇ ಬರೆದರು. ಮಕ್ಕಳು ಬಾಯಿಪಾಠ ಮಾಡುವ ಏಳರ ಪಟ್ಟಿಯಲ್ಲಿ ಯುರೋಪ್ ಇದೆ, ಝೀಲ್ಯಾಂಡಿಯಾ ಇಲ್ಲ. ಆ ಪಟ್ಟಿ ಬಂಡೆಯನ್ನು ಕೇಳಿ ಮಾಡಿದ್ದಲ್ಲ. ಎಣಿಕೆಯೂ ಎಲ್ಲೆಡೆ ಒಂದೇ ಅಲ್ಲ: ಲ್ಯಾಟಿನ್ ಅಮೆರಿಕದ ಶಾಲೆಗಳು ಎರಡು ಅಮೆರಿಕಗಳನ್ನೂ ಒಂದೇ ಖಂಡವೆಂದು ಕಲಿಸುತ್ತವೆ. ನಮ್ಮ ಪಠ್ಯಪುಸ್ತಕಗಳೂ ‘ಏಳು’ ಎನ್ನುವಾಗ, ಇದು ರೂಢಿಯ ಎಣಿಕೆ ಎಂಬ ಒಂದು ಸಾಲು ಸೇರಿಸಲಿ.