ಯೀಸ್ಟ್ ಹೇಳಿಕೊಟ್ಟ ಹಿಸ್ಟೋನ್ ಪಾಠ

ಬೇಕರಿಯ ಬನ್ನನ್ನು ಉಬ್ಬಿಸುವ ಯೀಸ್ಟ್ ಒಂದೇ ಕೋಶದ ಶಿಲೀಂಧ್ರ. ಬರಿಗಣ್ಣಿಗೆ ಕಾಣದಷ್ಟು ಚಿಕ್ಕದು. ಜೀವವಿಜ್ಞಾನದಲ್ಲಿ ಬಹುಕಾಲ ಬೇರೂರಿದ್ದ ಒಂದು ತಪ್ಪು ಗ್ರಹಿಕೆಯನ್ನು ತಿದ್ದಿದ ಕೀರ್ತಿ ಬಹುಮಟ್ಟಿಗೆ ಈ ಅಲ್ಪಜೀವಿಗೆ ಸಲ್ಲಬೇಕು.

ಮಾನವನ ಒಂದು ಕೋಶದಲ್ಲಿರುವ ಡಿಎನ್‌ಎ ಎಳೆಗಳನ್ನೆಲ್ಲ ಬಿಡಿಸಿ ಸಾಲಾಗಿ ಜೋಡಿಸಿದರೆ ಸುಮಾರು 2 ಮೀಟರ್ ಉದ್ದವಾಗುತ್ತದೆ. ಅಷ್ಟುದ್ದದ ಎಳೆ ಕಣ್ಣಿಗೆ ಕಾಣದ ಕೋಶಕೇಂದ್ರದೊಳಗೆ ಅಡಗಲು ಹಿಸ್ಟೋನ್ ಎಂಬ ಪ್ರೋಟೀನುಗಳು ನೆರವಾಗುತ್ತವೆ. ಜರ್ಮನಿಯ ಆಲ್ಬ್ರೆಕ್ಟ್ ಕೋಸೆಲ್ ಇವುಗಳನ್ನು 1884ರಲ್ಲಿ ಹಕ್ಕಿಯ ರಕ್ತಕಣಗಳಿಂದ ಬೇರ್ಪಡಿಸಿದರು. 1974ರಲ್ಲಿ ರೋಜರ್ ಕಾರ್ನ್‌ಬರ್ಗ್ ಇವುಗಳ ಜೋಡಣೆಯ ಕ್ರಮವನ್ನು ಸೂಚಿಸಿದರು. ಎಂಟು ಹಿಸ್ಟೋನ್‌ಗಳ ಗುಂಪಿಗೆ ಡಿಎನ್‌ಎ, ನೇಕಾರನ ಕಂಡಿಕೆಗೆ ನೂಲು ಸುತ್ತಿದಂತೆ, ಸುತ್ತಿಕೊಂಡಿರುತ್ತದೆ. ಇಂತಹ ಒಂದೊಂದು ಘಟಕವೂ ಒಂದು ನ್ಯೂಕ್ಲಿಯೋಸೋಮ್; ಇವೆಲ್ಲ ಸೇರಿದ ಹೆಣಿಗೆಯೇ ಕ್ರೊಮಾಟಿನ್.

ಜೀನಿನಲ್ಲಿರುವ ಬರಹವನ್ನು ಕೋಶವು ಆರ್‌ಎನ್‌ಎ ರೂಪದಲ್ಲಿ ನಕಲು ಮಾಡಿಕೊಳ್ಳುತ್ತದೆ. ಇದಕ್ಕೆ ಪ್ರತಿಲೇಖನವೆಂದು ಹೆಸರು. ಯಾವ ಜೀನು ಯಾವಾಗ ನಕಲಾಗಬೇಕೆಂಬುದನ್ನು ನಿರ್ಧರಿಸುವವರು ಯಾರು? ಡಿಎನ್‌ಎಯ ನಿರ್ದಿಷ್ಟ ತಾಣಗಳನ್ನು ಗುರುತಿಸಿ ಅಂಟಿಕೊಳ್ಳುವ ಬೇರೆ ಪ್ರೋಟೀನುಗಳೆಂಬುದೇ ಅಂದಿನ ಉತ್ತರ. ಹಿಸ್ಟೋನ್‌ಗಳಾದರೋ ಎಲ್ಲೆಲ್ಲೂ ಹೆಚ್ಚುಕಡಿಮೆ ಒಂದೇ ಬಗೆ. ಎಚ್4 ಎಂಬ ಹಿಸ್ಟೋನಿನ 102 ಅಮೈನೊ ಆಮ್ಲಗಳಲ್ಲಿ ಬಟಾಣಿ ಗಿಡಕ್ಕೂ ಹಸುವಿಗೂ ಇರುವ ವ್ಯತ್ಯಾಸ ಕೇವಲ ಎರಡು! ಇಂತಹ ವಸ್ತು ಜೀನುಗಳನ್ನು ಆರಿಸುವುದೆಂತು? ಅದು ಬರಿಯ ಹೊದಿಕೆಯೆಂದು ಹೆಚ್ಚಿನವರು ಭಾವಿಸಿದರು. ಹಿಸ್ಟೋನ್‌ಗಳಿಗೆ ಅಸಿಟೈಲ್ ಎಂಬ ಚಿಕ್ಕ ರಾಸಾಯನಿಕ ಗುಂಪು ಸೇರುವುದಕ್ಕೂ ಪ್ರತಿಲೇಖನಕ್ಕೂ ಸಂಬಂಧವಿರಬಹುದೆಂದು 1964ರಲ್ಲೇ ವಿನ್ಸೆಂಟ್ ಆಲ್‌ಫ್ರಿ ಮತ್ತು ಸಂಗಡಿಗರು ಸೂಚಿಸಿದ್ದರು. ಆದರೆ ಅದು ಕಾರಣವೋ ಪರಿಣಾಮವೋ ಎಂಬುದನ್ನು ತೀರ್ಮಾನಿಸುವ ದಾರಿ ಇರಲಿಲ್ಲ.

ಆ ದಾರಿಯನ್ನು ತೋರಿದ್ದು ಯೀಸ್ಟ್. ಒಂದು ಜೀನಿನ ಕೆಲಸವೇನೆಂದು ತಿಳಿಯಬೇಕಾದರೆ ಅದನ್ನು ಕೆಡಿಸಿ ನೋಡಬೇಕು. ಕಡಲಿನ ಮುಳ್ಳುಜೀವಿ ಸೀ ಅರ್ಚಿನ್‌ನಲ್ಲಿ ಹಿಸ್ಟೋನ್ ಜೀನುಗಳ ಪ್ರತಿಗಳು ನೂರಾರು. ಅಷ್ಟನ್ನೂ ಕೆಡಿಸುವುದು ಆಗದ ಮಾತು. ಯೀಸ್ಟಿನಲ್ಲಿ ನಾಲ್ಕು ಮುಖ್ಯ ಹಿಸ್ಟೋನ್‌ಗಳಿಗೆ ಎರಡೆರಡೇ ಪ್ರತಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯ ಮೈಕೆಲ್ ಗ್ರುನ್‌ಸ್ಟೈನ್ ಇದನ್ನೇ ಬಳಸಿಕೊಂಡರು. ಗ್ಯಾಲಕ್ಟೋಸ್ ಸಕ್ಕರೆ ಕೊಟ್ಟಾಗ ಎಚ್4 ತಯಾರಾಗುವಂತೆ, ಗ್ಲೂಕೋಸ್ ಕೊಟ್ಟಾಗ ನಿಲ್ಲುವಂತೆ ಅವರ ತಂಡ ಯೀಸ್ಟನ್ನು ಮಾರ್ಪಡಿಸಿತು. ಪರೀಕ್ಷೆಗೆ ಆರಿಸಿಕೊಂಡವುಗಳಲ್ಲಿ ಒಂದು ಫೋ5 ಎಂಬ ಜೀನು. ಫಾಸ್ಫೇಟ್ ಸಮೃದ್ಧವಾಗಿರುವಾಗ ಇದು ಮಲಗಿರುತ್ತದೆ, ಕೊರತೆಯಾದಾಗ ಏಳುತ್ತದೆ. ಎಚ್4 ಪೂರೈಕೆ ನಿಂತು ನ್ಯೂಕ್ಲಿಯೋಸೋಮ್‌ಗಳು ಕಡಿಮೆಯಾದೊಡನೆ, ಫಾಸ್ಫೇಟ್ ಧಾರಾಳವಾಗಿದ್ದರೂ ಫೋ5 ಎಚ್ಚೆತ್ತಿತು! 1988ರಲ್ಲಿ ಪ್ರಕಟವಾದ ಈ ಫಲಿತಾಂಶ, ಜೀವಂತ ಕೋಶದಲ್ಲಿ ಹಿಸ್ಟೋನ್ ಜೀನಿಗೆ ಬೀಗ ಹಾಕಿರುತ್ತದೆಂದು ತೋರಿಸಿತು. 1991ರಲ್ಲಿ ಇನ್ನೊಂದು ಮುಖ ಕಂಡಿತು. ನ್ಯೂಕ್ಲಿಯೋಸೋಮಿನಿಂದ ಹೊರಚಾಚಿರುವ ಎಚ್4ರ ತುದಿಯನ್ನು ಕತ್ತರಿಸಿದಾಗ ಇದೇ ಜೀನು ಮೊದಲಿನಂತೆ ಏಳಲಾರದಾಯಿತು. ಬೀಗ ಹಾಕುವ ಪ್ರೋಟೀನೇ ಬೀಗ ತೆಗೆಯಲೂ ಬೇಕಿತ್ತು.

ಹಾಗಾದರೆ ಕೀಲಿಕೈ ಯಾವುದು? 1996ರಲ್ಲಿ ಡೇವಿಡ್ ಆಲಿಸ್ ತಂಡವು ಟೆಟ್ರಹೈಮಿನಾ ಎಂಬ ಏಕಕೋಶ ಜೀವಿಯಲ್ಲಿ ಹಿಸ್ಟೋನಿಗೆ ಅಸಿಟೈಲ್ ಗುಂಪನ್ನು ಸೇರಿಸುವ ಕಿಣ್ವವೊಂದನ್ನು ಗುರುತಿಸಿತು. ಅದು ಯೀಸ್ಟಿನ ಜಿಸಿಎನ್5 ಪ್ರೋಟೀನಿನ ಸೋದರ. ಜೀನುಗಳನ್ನು ಎಬ್ಬಿಸಲು ಜಿಸಿಎನ್5 ಬೇಕೆಂಬುದು ಮೊದಲೇ ತಿಳಿದಿತ್ತು. ಏಕೆ ಬೇಕೆಂಬುದು ಆಗ ಸ್ಪಷ್ಟವಾಯಿತು. ಅದೇ ವರ್ಷ ಸ್ಟುವರ್ಟ್ ಶ್ರೈಬರ್ ತಂಡವು ಅಸಿಟೈಲ್ ಗುಂಪನ್ನು ಕಳಚುವ ಮಾನವ ಕಿಣ್ವವನ್ನು ಬೇರ್ಪಡಿಸಿತು. ಅದಕ್ಕೂ ಯೀಸ್ಟಿನಲ್ಲಿ ಆರ್‌ಪಿಡಿ3 ಎಂಬ ಸೋದರನಿದ್ದ. ಹಿಸ್ಟೋನಿನ ತುದಿಗೆ ಧನ ವಿದ್ಯುದಾವೇಶ, ಡಿಎನ್‌ಎಗೆ ಋಣ. ಆದುದರಿಂದಲೇ ಪರಸ್ಪರ ಸೆಳೆತ. ಅಸಿಟೈಲ್ ಸೇರಿದರೆ ಆ ಆವೇಶ ತಗ್ಗಿ ಹಿಡಿತ ಸಡಿಲುತ್ತದೆ. ಜೊತೆಗೆ ಬೇರೆ ಪ್ರೋಟೀನುಗಳಿಗೆ ಅದೊಂದು ಗುರುತಾಗುತ್ತದೆ.

ಯೀಸ್ಟಿನ ಸಂಗತಿ ನಮಗೇಕೆ ಎನ್ನುವವರಿಗೆ ಒಂದು ಮಾತು. ಅಸಿಟೈಲ್ ಕಳಚುವ ಕಿಣ್ವಗಳನ್ನು ತಡೆಯುವ ವೊರಿನೊಸ್ಟಾಟ್ ಎಂಬ ಔಷಧಕ್ಕೆ, ಚರ್ಮದಲ್ಲಿ ಕಾಣಿಸಿಕೊಳ್ಳುವ ಒಂದು ಬಗೆಯ ಲಿಂಫೋಮಾ ಕ್ಯಾನ್ಸರಿಗಾಗಿ, 2006ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಗ್ರುನ್‌ಸ್ಟೈನ್ ಮತ್ತು ಆಲಿಸ್ 2018ರಲ್ಲಿ ಲಾಸ್ಕರ್ ಪ್ರಶಸ್ತಿಯನ್ನು ಹಂಚಿಕೊಂಡರು. ಆಲಿಸ್ 2023ರಲ್ಲಿ, ಗ್ರುನ್‌ಸ್ಟೈನ್ 2024ರಲ್ಲಿ ತೀರಿಕೊಂಡರು.

ಕೋಸೆಲ್‌ರಿಂದ ಗ್ರುನ್‌ಸ್ಟೈನ್‌ವರೆಗೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಸ್ಟೋನ್ ವಿಜ್ಞಾನಿಗಳ ಕಣ್ಣೆದುರಿಗೇ ಇತ್ತು. ಎಲ್ಲೆಡೆ ಕಾಣುವ ವಸ್ತುವಿನಲ್ಲಿ ವಿಶೇಷವೇನಿದ್ದೀತು ಎಂಬ ಉದಾಸೀನವೇ ಅದನ್ನು ಮರೆಮಾಡಿತ್ತು. ವಿಜ್ಞಾನ ಓದುವ ಮಕ್ಕಳಿಗೆ ಹೇಳಬೇಕಾದ ಮಾತೂ ಇದೇ: ಒಳ್ಳೆಯ ಪ್ರಶ್ನೆ ಹೊಳೆದರಷ್ಟೇ ಸಾಲದು, ಅದಕ್ಕೆ ಉತ್ತರ ಕೊಡಬಲ್ಲ ಜೀವಿಯನ್ನೂ ಹುಡುಕಿಕೊಳ್ಳಬೇಕು.