ಮುಖವಾಡದ ಹಿಂದಿನ ಕೈ

ಚಿತ್ರಕಥೆಗೆ ಪಂಕ್ತಿಯಲ್ಲಿ ಎಲೆ ಹಾಕಲು ಸಾಹಿತ್ಯ ವಿಮರ್ಶಕರು ಹಿಂಜರಿಯುತ್ತಾರೆ. ಕಲೆಯ ಚರಿತ್ರಕಾರರೂ ಅದನ್ನು ಹೊಸ್ತಿಲಾಚೆಯೇ ನಿಲ್ಲಿಸುತ್ತಾರೆ. ಹಾಗಾದರೆ, ಮೂವತ್ತಮೂರು ವರ್ಷ ಒಂದೇ ಪಾತ್ರಕ್ಕೆ ರೂಪ ಕೊಟ್ಟವನ ದುಡಿಮೆಯನ್ನು ಯಾವ ಲೆಕ್ಕಕ್ಕೆ ಬರೆಯಬೇಕು? ಅಮೆರಿಕದ ಸೈ ಬ್ಯಾರಿಯ ವೃತ್ತಿಜೀವನ ನಮ್ಮ ಮುಂದಿಡುವ ಪ್ರಶ್ನೆ ಇದು.

1928ರಲ್ಲಿ ಹುಟ್ಟಿದ ಬ್ಯಾರಿಗೆ ಅಣ್ಣ ಡ್ಯಾನ್ ಬ್ಯಾರಿಯೇ ಮೊದಲ ಗುರು. ಕಾಮಿಕ್ ಪುಸ್ತಕಗಳ ಉದ್ಯಮದಲ್ಲಿ ಒಬ್ಬ ಪೆನ್ಸಿಲಿನಿಂದ ಚಿತ್ರಿಸಿದರೆ ಇನ್ನೊಬ್ಬ ಅದರ ಮೇಲೆ ಮಸಿಯೂಡುತ್ತಾನೆ. ಈ ಎರಡನೆಯ ಕೆಲಸದಲ್ಲಿ ಬ್ಯಾರಿ ನುರಿತ. 1950ರ ದಶಕದಲ್ಲಿ ಕಾರ್ಮೈನ್ ಇನ್‌ಫ್ಯಾಂಟಿನೊ ಮೊದಲಾದವರ ರೇಖೆಗಳಿಗೆ ಮಸಿಯ ಮೈ ಕೊಟ್ಟ. ಮಸಿಯೂಡಿದವನ ಹೆಸರು ಪುಟದ ಮೇಲೆ ಕಾಣುವುದು ಆಗ ಅಪರೂಪ.

ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ‘ಫ್ಯಾಂಟಮ್’ ಪತ್ರಿಕಾ ಚಿತ್ರಕಥೆಯನ್ನು ಮೊದಲು ರೇ ಮೂರ್, ಅನಂತರ ವಿಲ್ಸನ್ ಮೆಕಾಯ್ ಚಿತ್ರಿಸಿದರು. 1961ರಲ್ಲಿ ಮೆಕಾಯ್ ತೀರಿಕೊಂಡಾಗ ದೈನಿಕದ ಹೊಣೆ ಬ್ಯಾರಿಯ ಪಾಲಿಗೆ ಬಂತು. ಮರುವರ್ಷ ಭಾನುವಾರದ ಪುಟವೂ ಸೇರಿತು. ಮೆಕಾಯ್‌ನದು ಸರಳವಾದ, ಚಪ್ಪಟೆ ರೇಖೆ. ಬ್ಯಾರಿ ದೇಹಕ್ಕೆ ಮಾಂಸಖಂಡಗಳನ್ನೂ ಕಾಡಿಗೆ ಕತ್ತಲೆಯ ಆಳವನ್ನೂ ತಂದ.

ಕಥೆಯೂ ಕಾಲದೊಡನೆ ನಡೆಯಿತು. 1960ರ ಒಂದೇ ವರ್ಷದಲ್ಲಿ ಆಫ್ರಿಕದ ಹದಿನೇಳು ರಾಷ್ಟ್ರಗಳು ಸ್ವತಂತ್ರವಾಗಿದ್ದುವು. ಆ ದಶಕದಲ್ಲಿ ಫ್ಯಾಂಟಮನ ನಾಡಿಗೂ ಲುವಾಗಾ ಎಂಬ ಕರಿಯ ವೈದ್ಯ ಚುನಾಯಿತ ಅಧ್ಯಕ್ಷನಾದ. ಕಾಡನ್ನು ಕಾಯುವವನು ಬಿಳಿಯನೇ ಆಗಿರಬೇಕೆಂಬ ಹಳೆಯ ಕಟ್ಟುಕಥೆ ಇದರಿಂದ ಅಳಿಯಲಿಲ್ಲ. ಆದರೂ ಅದರ ಪಕ್ಕದಲ್ಲಿ ಬೇರೊಂದು ಗೌರವದ ಮುಖ ಮೂಡಿತು. ಆ ಮುಖವನ್ನು ಬರೆದದ್ದು ಬ್ಯಾರಿಯ ಕೈ.

ನಮ್ಮ ದೇಶಕ್ಕೆ ಈ ರೇಖೆಗಳು ಬಂದದ್ದು 1964ರಲ್ಲಿ ಆರಂಭವಾಗಿ 1990ರವರೆಗೆ ನಡೆದ ಇಂದ್ರಜಾಲ ಕಾಮಿಕ್ಸ್ ಮಾಲೆಯ ಮೂಲಕ. ಭಾರತೀಯರಿಗೆ ಇರುಸುಮುರುಸಾಗದಿರಲೆಂದು ‘ಬೆಂಗಾಲಿ’ ಎಂಬ ನಾಡು ಇಲ್ಲಿ ‘ಡೆಂಕಾಲಿ’ಯಾಯಿತು. ಆ ಪುಸ್ತಕಗಳನ್ನು ಪಠ್ಯದೊಳಗೆ ಬಚ್ಚಿಟ್ಟು ಓದಿದ ಮಕ್ಕಳಲ್ಲಿ ಚಿತ್ರಕಾರನ ಹೆಸರನ್ನು ನೆನಪಿಟ್ಟವರೆಷ್ಟು ಮಂದಿ?

ಬ್ಯಾರಿಯ ಹೆಸರಿನ ಹಿಂದೆಯೂ ಬೇರೆ ಕೈಗಳಿದ್ದುವು. ವಾರಕ್ಕೆ ಆರು ದಿನದ ಪಟ್ಟಿ, ಮೇಲೆ ಭಾನುವಾರದ ಬಣ್ಣದ ಪುಟ: ಇಷ್ಟನ್ನು ಒಬ್ಬನೇ ಪೂರೈಸುವುದು ಕಷ್ಟ. ಜಾರ್ಜ್ ಓಲೆಸನ್ ಬಹುಕಾಲ ಪೆನ್ಸಿಲಿನ ಕೆಲಸ ಮಾಡಿದ. ಒಮ್ಮೆ ಹೆಸರಿಲ್ಲದೆ ಇತರರ ರೇಖೆಗೆ ಮಸಿಯೂಡಿದ ಬ್ಯಾರಿಯ ಹೆಸರಿನ ನೆರಳಿನಲ್ಲಿ ಈಗ ಇನ್ನೊಬ್ಬ ದುಡಿದ. 1994ರಲ್ಲಿ ಬ್ಯಾರಿ ನಿವೃತ್ತನಾದ ಮೇಲೆ ಓಲೆಸನ್, ಕೀತ್ ವಿಲಿಯಮ್ಸ್ ಜೊತೆಗೂಡಿ ದೈನಿಕದ ಪಟ್ಟಿಯನ್ನು ಮುಂದುವರಿಸಿದ.

ಕಥೆಯಲ್ಲಿ ಫ್ಯಾಂಟಮ್ ಸಾವಿಲ್ಲದವನೆಂದು ಜನ ನಂಬುತ್ತಾರೆ. ನಿಜದಲ್ಲಿ ಇಪ್ಪತ್ತೊಂದು ತಲೆಮಾರುಗಳು ಒಂದೇ ಮುಖವಾಡವನ್ನು ತೊಟ್ಟಿವೆ. ಅವನನ್ನು ಚಿತ್ರಿಸಿದವರ ಚರಿತ್ರೆಯೂ ಹಾಗೆಯೇ. ಓದುಗನ ಕಣ್ಣಿಗೆ ಎಂದೂ ಮುಪ್ಪಾಗದ ಆ ನಾಯಕನಿಗಾಗಿ ಹಲವರು ಮೇಜಿನ ಮುಂದೆ ಬಾಗಿ ಮುಪ್ಪಾದರು. ಅವರ ಹೆಸರುಗಳನ್ನು ಬರೆದಿಡುವುದು ಚರಿತ್ರೆ ಸಲ್ಲಿಸಬೇಕಾದ ಋಣ.