ಐಪಿಎಲ್ ಪ್ಲೇಆಫ್ ಅರ್ಹತೆ

ಐಪಿಎಲ್ ಪ್ಲೇಆಫ್ ಅರ್ಹತೆ ಎಂದರೆ ಇಂಡಿಯನ್ ಪ್ರೀಮಿಯರ್ ಲೀಗ್ ಕ್ರಿಕೆಟ್ ಪಂದ್ಯಾವಳಿಯ ಲೀಗ್ ಹಂತದಲ್ಲಿ ಮೊದಲ ನಾಲ್ಕು ಸ್ಥಾನಗಳಲ್ಲಿ ಒಂದನ್ನು ಪಡೆದು ಮುಂದಿನ ಹಂತಕ್ಕೆ ತೇರ್ಗಡೆಯಾಗುವುದು. ಅಂಕಪಟ್ಟಿಯೇ ಸ್ಥಾನವನ್ನು ನಿರ್ಧರಿಸುವುದರಿಂದ, ತಂಡವೊಂದರ ಅವಕಾಶವು ಅದರ ಗೆಲುವುಗಳ ಜೊತೆಗೆ ಪ್ರತಿಸ್ಪರ್ಧಿ ತಂಡಗಳ ಫಲಿತಾಂಶಗಳನ್ನೂ ಅವಲಂಬಿಸಿರುತ್ತದೆ.

ನಿಯಮಗಳು

2022ರಿಂದ 10 ತಂಡಗಳು ತಲಾ 14 ಲೀಗ್ ಪಂದ್ಯಗಳನ್ನು ಆಡುತ್ತಿವೆ. ಗೆಲುವಿಗೆ 2 ಅಂಕ; ಪಂದ್ಯ ರದ್ದಾದರೆ ಎರಡೂ ತಂಡಗಳಿಗೆ ತಲಾ 1 ಅಂಕ. ಅಂಕಗಳೂ ಗೆಲುವುಗಳೂ ಸಮವಾದಾಗ ನಿವ್ವಳ ರನ್ ದರವನ್ನು ಪರಿಗಣಿಸಲಾಗುತ್ತದೆ. ತಂಡವು ಪ್ರತಿ ಓವರಿಗೆ ಗಳಿಸಿದ ಸರಾಸರಿ ರನ್‌ಗಳಿಂದ ಬಿಟ್ಟುಕೊಟ್ಟ ಸರಾಸರಿ ರನ್‌ಗಳನ್ನು ಕಳೆದರೆ ಈ ದರ ದೊರೆಯುತ್ತದೆ.

ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದ ಉದಾಹರಣೆಗಳು

2022: ಬೆಂಗಳೂರು 16 ಅಂಕಗಳೊಂದಿಗೆ ತನ್ನ ಪಂದ್ಯಗಳನ್ನು ಮುಗಿಸಿತ್ತಾದರೂ ಅದರ ರನ್ ದರ ಋಣಾತ್ಮಕವಾಗಿತ್ತು (-0.253). 14 ಅಂಕಗಳಿದ್ದ ಡೆಲ್ಲಿ ಕ್ಯಾಪಿಟಲ್ಸ್‌ನ ದರ ಉತ್ತಮವಾಗಿದ್ದು, ಕೊನೆಯ ಪಂದ್ಯವನ್ನು ಗೆದ್ದಿದ್ದರೆ ಅದೇ ಅರ್ಹತೆ ಪಡೆಯುತ್ತಿತ್ತು. ಮೇ 21ರಂದು, ಅದಾಗಲೇ ಸ್ಪರ್ಧೆಯಿಂದ ಹೊರಬಿದ್ದಿದ್ದ ಮುಂಬೈ ಇಂಡಿಯನ್ಸ್ ಡೆಲ್ಲಿಯನ್ನು 5 ವಿಕೆಟ್‌ಗಳಿಂದ ಸೋಲಿಸಿತು. ಇದರಿಂದ ಬೆಂಗಳೂರು ನಾಲ್ಕನೆಯ ಸ್ಥಾನವನ್ನು ಉಳಿಸಿಕೊಂಡಿತು.

2023: ಈ ಬಾರಿ ಪರಿಸ್ಥಿತಿ ತಿರುವುಮುರುವಾಯಿತು. ಮೇ 21ರಂದು ಬೆಂಗಳೂರು ಗುಜರಾತ್ ಟೈಟನ್ಸ್‌ಗೆ ಸೋತದ್ದರಿಂದ 16 ಅಂಕಗಳಿದ್ದ ಮುಂಬೈ ಪ್ಲೇಆಫ್ ತಲುಪಿತು.

2024: ಮೇ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪ್ರತಿಸ್ಪರ್ಧಿ ಚೆನ್ನೈ ಸೂಪರ್ ಕಿಂಗ್ಸ್ ನೇರವಾಗಿ ಎದುರಾಯಿತು. ಬೆಂಗಳೂರು 218 ರನ್ ಗಳಿಸಿತು. ಚೆನ್ನೈ 201 ರನ್ ತಲುಪಿದ್ದರೆ ಸೋತರೂ ಅರ್ಹತೆ ಪಡೆಯುತ್ತಿತ್ತು. ಅದು 191 ರನ್‌ಗಳಿಗೆ ನಿಂತಿತು. ಎರಡೂ ತಂಡಗಳು 14 ಅಂಕಗಳಲ್ಲಿ ಸಮವಾದರೂ, ರನ್ ದರದ ಆಧಾರದಲ್ಲಿ ಬೆಂಗಳೂರು ಮುನ್ನಡೆಯಿತು.